ಎಳೆತ

ಮೆಕ್ಯಾನಿಕ್ಕು ಬಾನೆಟ್ಟಿನೊಳಗಿಂದ ತಲೆ ಎತ್ತದೆ ಬರೀ ಕೈ ಚಾಚಿದ. ಯಾವ ಸ್ಪ್ಯಾನರ್ ಬೇಕೆಂದು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಕೆಳಗೆ ಹರಡಿದ್ದ ಹತ್ತಾರು ಸ್ಪ್ಯಾನರುಗಳಲ್ಲಿ ಒಂದನ್ನು ಆರಿಸಿ ಅವನ ಅಂಗೈಗೆ ಇಟ್ಟಳು. ಬೋಲ್ಟು ಕಿರ್ರೆಂದು ಸಡಿಲವಾಯಿತು. ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದ ಅವಳ ಗಂಡನಿಗೆ, ಬಡಗಿಗೆ, ಎದೆಯಲ್ಲಿ ಅದೇ ಬೋಲ್ಟು ಇನ್ನಷ್ಟು ಬಿಗಿದಂತಾಯಿತು.

"ನೋಡಮ್ಮ, ಇದಕ್ಕೆ ಉಸಿರು ಸಾಲ್ತಾ ಇಲ್ಲ," ಎಂದ ಮೆಕ್ಯಾನಿಕ್ಕು, ಕೈ ಒರೆಸಿಕೊಳ್ಳುತ್ತ. "ಏರಿನಲ್ಲಿ ಕರಿ ಹೊಗೆ ಉಗುಳೋದು ಅದಕ್ಕೇ. ಫಿಲ್ಟರ್ ತುಂಬ ಧೂಳು. ಈಗ ಬೆಟ್ಟದ ತುದಿಯ ಹೊಸ ಟವರಿನ ಕೆಲಸಾನೂ ನಿಂಗೇ ಬಂದಿದೆ ಅಂತೀಯ. ಆ ದಾರೀಲಿ ಹೊಳೆ ಬೇರೆ ದಾಟಬೇಕು."

"ಏನು ಮಾಡೋಣ ಭಾವ?"

ಆ 'ಭಾವ' ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಬಡಗಿಗೆ ಚಪ್ಪಲಿಯೊಳಗೆ ಕಲ್ಲು ಸೇರಿದ ಹಾಗಾಗುತ್ತಿತ್ತು. ಮೆಕ್ಯಾನಿಕ್ಕು ಅವಳ ಮೊದಲನೇ ಗಂಡನ ಅಣ್ಣ. ಆ ಗಂಡ ಎದೆನೋವಿನಿಂದ ಹಠಾತ್ತನೆ ತೀರಿಕೊಂಡು ವರ್ಷಗಳಾಗಿದ್ದರೂ ಸಂಬಂಧದ ಹೆಸರು ಹಾಗೇ ಉಳಿದಿತ್ತು. ಹೆಂಡತಿಯ ಹಳೇ ಗಂಡನ ಅಣ್ಣ ತನಗೇನಾಗಬೇಕು? ಬಡಗಿ ಎಷ್ಟು ಯೋಚಿಸಿದರೂ ಅದಕ್ಕೊಂದು ಪದ ಸಿಕ್ಕಿರಲಿಲ್ಲ. ಹಾಗಾಗಿ 'ಇವರೇ', 'ಹ್ಞಾಂ ನೋಡಿ' ಎಂದು ತೇಲಿಸಿಯೇ ಕಾಲ ಹಾಕುತ್ತಿದ್ದ.

"ಎರಡು ದಾರಿ ಇದೆ," ಎಂದ ಮೆಕ್ಯಾನಿಕ್ಕು. "ಇದೇ ಇಂಜಿನ್ ಬಿಚ್ಚಿ, ಪಿಸ್ಟನ್ನು, ರಿಂಗು ಹೊಸದು ಹಾಕಿ, ಗಾಳಿ ಹೋಗೋ ದಾರಿ ದೊಡ್ಡದು ಮಾಡೋದು ಒಂದು. ಇಲ್ಲ ಅಂದ್ರೆ ಇಂಜಿನ್ನೇ ಬೇರೆ ಕೂರಿಸೋದು. ಅಲ್ಲಿ ಮೂಲೇಲಿದೆ ನೋಡು, ಟರ್ಬೊದು. ಹಿಂದಿನಿಂದ ಗುದ್ದಿಸಿಕೊಂಡ ಗಾಡೀದು. ಮುಂಭಾಗಕ್ಕೆ ಒಂದು ಗೀರೂ ಬಿದ್ದಿಲ್ಲ."

"ಯಾವುದು ಒಳ್ಳೇದು?" ಎಂದು ಬಡಗಿ ನಡುವೆ ಬಾಯಿ ಹಾಕಿದ.

"ಎರಡೂ ಒಳ್ಳೇದೇ. ಟರ್ಬೊ ಒಂದು ಸಲ ವೇಗ ಹತ್ತಿತು ಅಂದ್ರೆ ರಾಕ್ಷಸನ ಹಾಗೆ ಎಳೆಯುತ್ತೆ. ಹಳೇದು ಸೊನ್ನೆಯಿಂದಲೇ ಎಳೆಯುತ್ತೆ, ಎತ್ತಿನ ಹಾಗೆ. ಓಡಿಸೋರ ಕಾಲು ಹೇಗೋ ಹಾಗೆ."

ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ ಎಂದುಕೊಂಡ ಬಡಗಿ.

"ನಂಗೆ ಎತ್ತೇ ಇರ್ಲಿ," ಎಂದಳು ಅವಳು.

"ಅವಸರ ಏನಿದೆ? ಸ್ವಲ್ಪ ಯೋಚನೆ ಮಾಡೋಣ," ಎಂದ ಬಡಗಿ. ದನಿ ತನಗೇ ಕೇಳುವಷ್ಟು ಗಡುಸಾಗಿತ್ತು.

ಅವಳು ಅವನ ಕಡೆ ಒಮ್ಮೆ ನೋಡಿದಳು. "ಸರಿ. ನಾನು ತಂಗಿ ಮನೆಯಿಂದ ಬಂದಮೇಲೆ ತೀರ್ಮಾನ ಮಾಡೋಣ. ಅಲ್ಲೀವರೆಗೆ ಗಾಡಿ ಇಲ್ಲೇ ಇರ್ಲಿ ಭಾವ." ತಂಗಿಗೆ ಆಗಷ್ಟೇ ಹೆರಿಗೆಯಾಗಿತ್ತು. ನೋಡಿಕೊಳ್ಳಲು ಅವಳು ಮರುದಿನವೇ ಹೊರಡುವವಳಿದ್ದಳು.

ಮದುವೆಯಾದ ಹೊಸದರಲ್ಲಿ ಬಡಗಿಗೆ ಈ ಸಂಕಟ ಇರಲಿಲ್ಲ. ಮನೆಯಲ್ಲಿ ತೀರಿಕೊಂಡವನದೊಂದು ಫೋಟೋ ಕೂಡ ಇರಲಿಲ್ಲ. ಅವಳು ಅವನ ಹೆಸರೆತ್ತಿ ಹೊಗಳಿದವಳೂ ಅಲ್ಲ, ತೆಗಳಿದವಳೂ ಅಲ್ಲ. ಅವನು ಬಿಟ್ಟುಹೋದದ್ದು ಈ ಪಿಕಪ್ ಗಾಡಿ, ಬೆಟ್ಟದ ಮೇಲಿನ ಫೋನ್ ಟವರುಗಳಿಗೆ ಬ್ಯಾಟರಿ, ಡೀಸೆಲ್ಲು ಸಾಗಿಸುವ ಕೆಲಸ, ಇಷ್ಟೇ. ಗಂಡ ಹೋದಮೇಲೆ ಗಾಡಿಯನ್ನೂ ಕೆಲಸವನ್ನೂ ಅವಳೇ ಕೈಗೆತ್ತಿಕೊಂಡಿದ್ದಳು. ಬಡಗಿಗೆ ಅದು ಹೆಮ್ಮೆಯ ವಿಷಯವೇ ಆಗಿತ್ತು.

ಹೊಟ್ಟೆಕಿಚ್ಚು ಶುರುವಾದದ್ದು ಬೀದಿಯಲ್ಲಿ. ಗಾಡಿ ತಿರುವಿನಲ್ಲಿ ಕಾಣಿಸಿದ ಕೂಡಲೇ ಚಹಾದ ಅಂಗಡಿಯವನು, "ಓ, ಅವನ ಗಾಡಿ ಬಂತು" ಎನ್ನುತ್ತಿದ್ದ. ಅವನ ಗಾಡಿ! ಸತ್ತ ಎಮ್ಮೆಗೆ ಹಾಲು ಹೆಚ್ಚು ಎಂಬಂತೆ, ಪೆಟ್ರೋಲ್ ಬಂಕಿನವನಿಂದ ಹಿಡಿದು ಟವರಿನ ಕಾವಲುಗಾರನವರೆಗೆ ಎಲ್ಲರಿಗೂ ಅವನು ಗಾಡಿ ಓಡಿಸುತ್ತಿದ್ದ ಕಥೆಗಳು ನೆನಪಿದ್ದವು. ಇಂಜಿನ್ನಿಗೆ ಗಾಳಿ ಎಳೆದುಕೊಡಲು ಗಾಜಿನ ಪಕ್ಕದಲ್ಲಿ ನಿಲ್ಲಿಸಿದ್ದ ಕಬ್ಬಿಣದ ಪೈಪನ್ನಂತೂ ಅವನೇ ಬಗ್ಗಿಸಿ ಬೆಸುಗೆ ಹಾಕಿದ್ದನಂತೆ. ಆ ಬೆಸುಗೆಯನ್ನು ಕಂಡರೆ ಬಡಗಿಗೆ ಮೈ ಉರಿಯುತ್ತಿತ್ತು. ಹುಳ ಹರಿದ ಹಾಗೆ, ಅಂಕುಡೊಂಕು. ತಾನು ಹಾಕಿದ ಮರದ ಕೀಲುಗಳಲ್ಲಿ ಕೂದಲೂ ನುಸುಳುತ್ತಿರಲಿಲ್ಲ. ಗಾಡಿಯ ಹಿಂದಕ್ಕೆಂದು ಅವನು ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದ. ಒಂದು ಮೊಳೆಯಿಲ್ಲದೆ, ಮೂಲೆಗೆ ಮೂಲೆ ಹಲ್ಲು ಕೂರಿಸಿ. ಅವಳು "ಚೆನ್ನಾಗಿದೆ" ಎಂದು ಅದರೊಳಗೆ ಎಣ್ಣೆ ಮೆತ್ತಿದ ಸರಪಳಿ ತುಂಬಿದ್ದಳು. ಇಂಜಿನ್ ಹತ್ತಿಸಿದಾಗ ಮಾತ್ರ, ಅದರ ಸದ್ದು ಸಮಕ್ಕೆ ಬರುವ ತನಕ ಕಣ್ಣು ಮುಚ್ಚಿ ಕೇಳುತ್ತ ಕೂರುತ್ತಿದ್ದಳು. ಆ ಮುಚ್ಚಿದ ಕಣ್ಣಿನೊಳಗೆ ಯಾರಿದ್ದಾರೆಂದು ಬಡಗಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವಳು ತಂಗಿ ಮನೆಗೆ ಹೋದಮೇಲೆ ಅವನು ಒಂದು ಮೇಜಿನ ಕಾಲು ಕೆತ್ತಲು ಕೂತು ಎರಡು ಸಲ ಅಳತೆ ತಪ್ಪಿದ. ಉಳಿ ಕೆಳಗಿಟ್ಟು ಸೀದಾ ಶೆಡ್ಡಿಗೆ ನಡೆದ.

"ಫೋನ್ ಮಾಡಿದ್ಲು. ಆ ಟರ್ಬೊ ಇಂಜಿನ್ನೇ ಹಾಕಿಸಿ ಅಂದ್ಲು," ಎಂದ.

ಮೆಕ್ಯಾನಿಕ್ಕು ಅವನನ್ನು ನಿಟ್ಟಿಸಿದ. "ಅವಳೇ ಅಂದ್ಲಾ?"

"ಅವಳೇ."

ಮೆಕ್ಯಾನಿಕ್ಕು ಜೇಬಿನಿಂದ ಫೋನ್ ತೆಗೆದ. ಆದರೆ ಮೆಕ್ಯಾನಿಕ್ಕು ಅದನ್ನು ಅಂಗೈಯಲ್ಲಿ ಒಂದಿಷ್ಟು ಹೊತ್ತು ತೂಗಿನೋಡಿ ಮತ್ತೆ ಜೇಬಿಗೆ ಇಳಿಬಿಟ್ಟ. "ನಾನ್ಯಾರು ಬೇಡ ಅನ್ನೋಕೆ. ಅವಳ ಗಾಡಿ, ಅವಳ ಇಷ್ಟ. ಯಾವತ್ತಾದರೂ ಇದು ಆಗೋದೇ ಇತ್ತು."

ಮುಂದಿನ ವಾರ ಬಡಗಿ ಹೋದಾಗ ಹಳೇ ಇಂಜಿನ್ ಹೊರಗೆ ಬಂದಿತ್ತು. ಮೆಕ್ಯಾನಿಕ್ಕು ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ತೂತುಗಳಿಗೆಲ್ಲ ಚಿಂದಿ ತುರುಕಿ ಮೂಲೆಯಲ್ಲಿ ಕೂರಿಸಿದ್ದ. ಗುಜರಿಗೆ ಹೋಗುವ ವಸ್ತುವನ್ನು ಯಾರೂ ಹಾಗೆ ಒರೆಸುವುದಿಲ್ಲ. ಬಡಗಿ ಅತ್ತ ನೋಡದೆ, ಗಾಜಿನ ಪಕ್ಕದ ಪೈಪಿನ ಮೇಲೆ ಕೈಯಿಟ್ಟ. ಅದನ್ನೂ ಕಿತ್ತುಬಿಡಿ ಎನ್ನುವಷ್ಟು ಧೈರ್ಯ ಸಾಲಲಿಲ್ಲ. ಹೊಸ ಇಂಜಿನ್ನಿಗೆ ಹಳೇ ಪೈಪೇ ಜೋಡಣೆಯಾಯಿತು.

ಅವಳು ಬಂದ ದಿನ ಬ್ಯಾಗನ್ನೂ ಕೆಳಗಿಡದೆ ಅಂಗಳದಲ್ಲಿ ನಿಂತಿದ್ದ ಗಾಡಿಯ ಹತ್ತಿರ ಹೋದಳು. ಕೀಲಿ ತಿರುಗಿಸಿದಳು. ಬೇರೆಯದೇ ಸದ್ದು. ಬಾನೆಟ್ ಎತ್ತಿ ನೋಡಿದಳು. ಒಗೆದ ಬಟ್ಟೆ ಒಣಹಾಕುತ್ತಿದ್ದ ಬಡಗಿ ತಿರುಗಿ ನಿಂತ.

"ಇದನ್ನ ಹಾಕೋಕೆ ಯಾರು ಹೇಳಿದ್ದು?"

"ನಾನೇ. ನಿನಗೆ ಅನುಕೂಲ ಆಗ್ಲಿ ಅಂತ... ಎಷ್ಟು ದಿನ ಅಂತ ಆ ಮುದಿ ಇಂಜಿನ್ ಕಟ್ಕೊಂಡು—"

"ಭಾವ ಹೇಗೆ ಒಪ್ಪಿದ್ರು?"

ಬಡಗಿ ಅಂಗಿಯೊಂದನ್ನು ಬೇಕಾದ್ದಕ್ಕಿಂತ ಜೋರಾಗಿ ಒದರಿದ.

"ನಾನೇ ಹಾಕಿಸೋಕೆ ಹೇಳಿದೆ ಅಂತ ಅವರಿಗೆ ಹೇಳಿದ್ರಾ?"

ಅವನು ಅಂಗಿಯನ್ನು ಹಗ್ಗಕ್ಕೆ ಹಾಕಿದ. ಅವಳು ಕೂಗಾಡುತ್ತಾಳೆಂದು ಕಾದ. ಅವಳು ಬಾನೆಟ್ಟನ್ನು ನಿಧಾನವಾಗಿ ಇಳಿಸಿ, ಎರಡೂ ಕೈಯಿಂದ ಒತ್ತಿ ಮುಚ್ಚಿದಳು. "ನಾಳೆ ಹಳೇ ಟವರಿಗೆ ಹೋಗ್ತೀನಿ. ನೀವೂ ಬನ್ನಿ," ಎಂದಳು. ಅಷ್ಟೇ.

ಬಯಲಿನಲ್ಲಿ ಗಾಡಿ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಓಡಿತು. ಹಿಂದೆ ಬ್ಯಾಟರಿಗಳ ಭಾರವಿದೆಯೆಂದೇ ಅನ್ನಿಸುತ್ತಿರಲಿಲ್ಲ. ನೋಡು ಎನ್ನುವ ಹಾಗೆ ಬಡಗಿ ಅವಳ ಮುಖ ನೋಡಿದ. ಅವಳು ರಸ್ತೆ ನೋಡುತ್ತಿದ್ದಳು. ಡಾಂಬರು ಮುಗಿದು ಕಲ್ಲುದಾರಿ ಏರತೊಡಗಿದಾಗ ಅವಳ ಎಡಗಾಲು ಕ್ಲಚ್ಚಿನ ಮೇಲೆ ತಡಕಾಡುವುದು ಅವನಿಗೂ ಕಾಣಿಸಿತು. ಮೊದಲನೇ ಚೂಪು ತಿರುವಿನಲ್ಲಿ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಗಾಳಿ, ಅವಳು ರೂಢಿಯಂತೆ ವೇಗ ತಗ್ಗಿಸಿ ಸ್ಟೀರಿಂಗ್ ಹೊರಳಿಸಿದಳು. ಇಂಜಿನ್ ಒಮ್ಮೆ ಬಿಕ್ಕಿ ನಿಂತುಹೋಯಿತು. ಗಾಡಿ ಹಿಂದಕ್ಕೆ ಜಾರಿತು. ಅವಳು ಹ್ಯಾಂಡ್‌ಬ್ರೇಕನ್ನು ಕಿತ್ತೇ ಬರುವ ಹಾಗೆ ಎಳೆದು ಕೂಗಿದಳು: "ಇಳೀರಿ! ಕಲ್ಲು ಕೊಡಿ ಹಿಂದೆ!"

ಬಡಗಿ ಹಾರಿ, ಕೈಗೆ ಸಿಕ್ಕ ಕಲ್ಲನ್ನು ಚಕ್ರದ ಹಿಂದೆ ತುರುಕಿದ. ಬೆರಳು ತರಚಿತು. ಚಕ್ರ ಕಲ್ಲಿಗೆ ಒರಗಿ ನಿಂತಿತು. ಅವಳು ಇಳಿದು ಬಂದು ದಾರಿಯ ಬದಿಯಲ್ಲಿ ಕುಕ್ಕರಿಸಿದಳು.

"ಅವನು ಆ ಡ್ರೈವರ್ ಸೀಟಲ್ಲಿ ನನ್ನ ಒಂದು ದಿನವೂ ಕೂರಿಸಿದವನಲ್ಲ," ಎಂದಳು. ಯಾರೆಂದು ಬಡಗಿ ಕೇಳಲಿಲ್ಲ. "ಕೀಲೀನ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ದ. ಹೆಂಗಸರ ಕೈಗೆ ಕೊಟ್ಟರೆ ಗೇರು ಹಾಳಾಗುತ್ತಂತೆ. ನಾನು ಕಲಿತದ್ದು ಅವನು ಹೋದಮೇಲೆ, ಒಬ್ಬಳೇ. ಇದೇ ತಿರುವಲ್ಲಿ ಎಷ್ಟು ಸಲ ನಿಂತುಹೋಗಿದೆಯೋ. ಹೀಗೇ ಕಲ್ಲು ಕೊಟ್ಟು, ಅತ್ತು, ಮುಖ ಒರೆಸ್ಕೊಂಡು ಮತ್ತೆ ಹತ್ತಿಸಿದ್ದೀನಿ. ಆ ಇಂಜಿನ್ ಸದ್ದು ನನ್ನ ಕಾಲಿಗೆ ಗೊತ್ತು. ಕೇಳಿದ್ರೆ ಸಾಕು, ಎಷ್ಟು ಒತ್ತಬೇಕು ಅಂತ ಕಾಲೇ ಹೇಳುತ್ತೆ. ಅದು ಅವನ ಇಂಜಿನ್ ಅಂತ ನಿಮಗೆ ಯಾರು ಹೇಳಿದ್ರು?"

"ಊರೆಲ್ಲಾ ಹೇಳುತ್ತೆ."

"ಊರು ನನ್ನನ್ನೂ ಅವನ ಹೆಂಡತಿ ಅಂತಲೇ ಅನ್ನುತ್ತೆ. ನನ್ನನ್ನೂ ಬಿಚ್ಚಿ ಬೇರೇದು ಕೂರಿಸ್ತೀರಾ?"

ಬಡಗಿ ತರಚಿದ ಬೆರಳನ್ನು ಬಾಯಿಗೆ ಇಟ್ಟುಕೊಂಡ. ರಕ್ತದ ಜೊತೆ ಮಣ್ಣಿನ ರುಚಿ ಬಂತು. ಕೆಳಗೆ ಎಲ್ಲೋ ಒಂದು ಲಾರಿ ಏದುಸಿರು ಬಿಡುತ್ತ ಏರುತ್ತಿತ್ತು. ಅವಳೇ ಎದ್ದು, ಅವನನ್ನು ಕಲ್ಲಿನ ಹತ್ತಿರ ನಿಲ್ಲಿಸಿ, ಎರಡನೇ ಪ್ರಯತ್ನಕ್ಕೆ ಇಂಜಿನ್ನನ್ನು ಅರಚಿಸಿ ತಿರುವು ದಾಟಿಸಿದಳು. ಅವನು ಹಿಂದೆ ನಡೆದುಕೊಂಡೇ ಹತ್ತಿದ.

ಮರುದಿನ ಅವನು ಶೆಡ್ಡಿಗೆ ಒಬ್ಬನೇ ಹೋದ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ. ಬಾಗಿಲಲ್ಲಿ ನಿಂತ ಕೂಡಲೇ ಎಲ್ಲ ಕಳಚಿಬಿತ್ತು. "ಅವಳು ಹೇಳಿರ್ಲಿಲ್ಲ. ನಾನು ಸುಳ್ಳು ಹೇಳಿದೆ," ಎಂದುಬಿಟ್ಟ.

ಮೆಕ್ಯಾನಿಕ್ಕು ಸುತ್ತಿಗೆ ಕೆಳಗಿಟ್ಟ. ಅದುವರೆಗೆ ಬಡಗಿಯನ್ನು ಬಹುವಚನದಲ್ಲೇ ಮಾತಾಡಿಸಿದ್ದವನು ಮೊದಲ ಸಲ ಏಕವಚನಕ್ಕಿಳಿದ. "ನಿನಗೆ ನಾಚಿಕೆ ಆಗಬೇಕು. ನನಗೂ ಆಗಬೇಕು ಬಿಡು. ಒಂದು ಫೋನ್ ಮಾಡಿದ್ರೆ ಮುಗೀತಿತ್ತು. ನನ್ನ ತಮ್ಮನ ನೆನಪು ಅವಳಿಗೆ ಬೇಡವಾಯ್ತು ಅಂದ್ಕೊಂಡು ಸಿಟ್ಟಲ್ಲೇ ಬಿಚ್ಚಿದೆ." ಮೂಲೆಗೆ ನಡೆದು, "ಬಾ, ಆ ಕಡೆ ಹಿಡಿ," ಎಂದ. ಇಬ್ಬರೂ ಸೇರಿ ಹಳೇ ಇಂಜಿನ್ನನ್ನು ಮೂಲೆಯಿಂದ ಬೆಳಕಿಗೆ ಎಳೆದರು.

ಆಮೇಲೆ ನಡೆದದ್ದೆಲ್ಲ ಅವಳು ಹೇಳಿದಂತೆ. ಪಿಸ್ಟನ್, ರಿಂಗು ಹೊಸದಾದವು. ಹಳೇ ಇಂಜಿನ್ನೇ ಗಾಡಿಗೆ ಮರಳಿತು, ಎತ್ತು ಎತ್ತಾಗಿಯೇ ಉಳಿಯಿತು. ದೊಡ್ಡ ಫಿಲ್ಟರ್ ಬಂತು. ಪೈಪಿನ ಸರದಿ ಬಂದಾಗ ಅವಳು, "ಇದನ್ನ ಬಿಸಾಕಿ ಭಾವ," ಎಂದಳು.

ಮೆಕ್ಯಾನಿಕ್ಕಿನ ಕೈ ನಿಂತಿತು. "ಪೈಪಾ?"

"ಮೊದಲಿಂದಲೂ ಅದೇ ತಾನೆ ಸರಿ ಇಲ್ಲದ್ದು? ಬೆಸುಗೆ ಸಂದಿಯಿಂದ ಧೂಳು ಒಳಗೆ ಹೋಗುತ್ತೆ. ಹೊಳೇಲಿ ನೀರೂ ಹೋದೀತು. ಚಾವಣಿವರೆಗೆ ಬರೋ ಹೊಸದು ತರಿಸಿ."

ಬಡಗಿ ಈ ಮಾತಿಗಾಗಿ ವರ್ಷಗಟ್ಟಲೆ ಕಾದವನು. ಈಗ ಅದು ಬಂದಾಗ ಸಂತೋಷ ಎಲ್ಲಿಂದಲೂ ಹೊರಡಲಿಲ್ಲ. ಮೆಕ್ಯಾನಿಕ್ಕು ಪೈಪನ್ನು ಗುಜರಿ ರಾಶಿಯ ಮೇಲೆ ಎಸೆಯದೆ, ಗೋಡೆಗೆ ಒರಗಿಸಿ, ಮುಂದೆ ಒಂದು ಟೈರು ಅಡ್ಡ ಇಟ್ಟದ್ದನ್ನು ಅವನು ನೋಡಿಯೂ ನೋಡದಂತಿದ್ದ. ಹೊಸ ಕೊಳವೆ ಕೂರಿಸಲು ಗಾಡಿಯ ಪಕ್ಕದ ತಗಡಿನಲ್ಲಿ ತೂತು ಕೊರೆಯಬೇಕಿತ್ತು. ಅದಕ್ಕೆ ಪ್ಲೈವುಡ್ಡಿನಲ್ಲಿ ಅಚ್ಚು ಕತ್ತರಿಸಿಕೊಟ್ಟವನು ಬಡಗಿ. ತೂತು ಎಷ್ಟು ಸರಿಯಾಗಿ ಬಂತೆಂದರೆ ರಬ್ಬರು ಒತ್ತಿದಲ್ಲೇ ಕೂತಿತು. "ಇದು ಕೆಲಸ," ಎಂದಳು ಅವಳು, ಬೆರಳಿನಿಂದ ಅಂಚು ಸವರಿ. ಅವಳು ಅಷ್ಟು ಹೇಳಿದ್ದು ತನಗೋ ಅಥವಾ ತಗಡು ಕೊರೆದ ಮೆಕ್ಯಾನಿಕ್ಕಿಗೋ ಎಂದು ಬಡಗಿ ದಿನವಿಡೀ ಲೆಕ್ಕ ಹಾಕಿದ. ಹುಟ್ಟುಗುಣ ಅಷ್ಟು ಬೇಗ ಹೋಗುತ್ತದೆಯೇ?

ಹೊಳೆಯಲ್ಲಿ ಪರೀಕ್ಷೆ ಮಾಡುವ ದಿನ ಬೆಳಗ್ಗೆ ಬಿಸಿಲು ಚುರುಗುಟ್ಟುತ್ತಿತ್ತು. ಏನಾದರೂ ಆದರೆ ಎಳೆಯಲು ಬೇಕೆಂದು ಹಗ್ಗ ಹಿಡಿದು ಗಂಡಸರಿಬ್ಬರೂ ನಡೆದುಕೊಂಡು ಕಾಲುಸೇತುವೆಯಿಂದ ಆಚೆ ದಡಕ್ಕೆ ಹೋಗಿ ನಿಂತರು. ಈಚೆ ದಡದಲ್ಲಿ ಅವಳು ಗಾಡಿ ಹತ್ತಿಸಿ, ಸದ್ದು ಸಮಕ್ಕೆ ಬರುವವರೆಗೆ ಕೂತಿದ್ದಳು. ಆಮೇಲೆ ಮುಂದಿನ ಚಕ್ರಗಳನ್ನು ನೀರಿಗೆ ಇಳಿಸಿದಳು.

ನಡುಹೊಳೆಯಲ್ಲಿ ನೀರು ಬಾನೆಟ್ಟಿನ ಮೇಲೆ ಹರಿಯಿತು. ಹೊರಗೆ ಉಳಿದದ್ದು ಗಾಜು, ಚಾವಣಿ, ಅದರ ಪಕ್ಕದ ಕರಿಯ ಕೊಳವೆ, ಇಷ್ಟೇ. ಬಡಗಿ ಹಗ್ಗ ಬಿಗಿಹಿಡಿದ. ಪಕ್ಕದಲ್ಲಿದ್ದವನೂ ಬಿಗಿಹಿಡಿದದ್ದು ಹಗ್ಗದಲ್ಲೇ ಗೊತ್ತಾಯಿತು. ನೀರಿನೊಳಗಿಂದ ಇಂಜಿನ್ನಿನ ಸದ್ದು ಒಂದೇ ಹದದಲ್ಲಿ, ತಗ್ಗದೆ ಏರದೆ, ದಡದತ್ತ ನಡೆದುಬಂತು.

ಗಾಡಿ ನೀರು ಸುರಿಸುತ್ತ ಮೇಲೆ ಹತ್ತಿತು. ಇಬ್ಬರೂ ಹಗ್ಗ ಕೆಳಗಿಟ್ಟು ಮುಂದೆ ಬಂದರು. ಅವಳು ನಿಲ್ಲಿಸಲಿಲ್ಲ. ಗಂಡನ ಕಡೆಗೂ ನೋಡಲಿಲ್ಲ, ಭಾವನ ಕಡೆಗೂ ನೋಡಲಿಲ್ಲ. ಗೇರು ಬದಲಿಸಿ, ಅವರಿಬ್ಬರ ನಡುವಿನಿಂದಲೇ ಹೊಸ ಟವರಿನ ಏರುದಾರಿ ಹಿಡಿದಳು. ಸ್ವಲ್ಪ ಹೊತ್ತು ಸದ್ದು ಬಂಡೆಗಳ ಆಚೆ ಕೇಳಿಸುತ್ತಿತ್ತು, ಆಮೇಲೆ ಅದೂ ಇಲ್ಲ.

ಹಾಸುಗಲ್ಲಿನ ಮೇಲೆ ಎರಡು ಒದ್ದೆ ಗೆರೆಗಳು ಮೇಲಕ್ಕೆ ಹೋಗಿದ್ದವು. ಬಿಸಿಲಿಗೆ ಅವು ಅಂಚಿನಿಂದ ಒಣಗುತ್ತ ಬರುವುದನ್ನು ಇಬ್ಬರೂ ನಿಂತು ನೋಡಿದರು.