ಜಯಶೀಲಾ ಟೀಚರ ಮೂಗು

ಜಯಶೀಲಾ ಟೀಚರು ಹೆಸರುವಾಸಿಯಾಗಿದ್ದದ್ದು ಮೂಗಿನಿಂದ. ಸ್ಟಾಫ್ ರೂಮಿನಲ್ಲಿ ಯಾರು ಡಬ್ಬಿಯ ಮುಚ್ಚಳ ತೆಗೆದರೂ, ತಿದ್ದುತ್ತಿದ್ದ ವಿಜ್ಞಾನದ ಪೇಪರಿನಿಂದ ತಲೆ ಎತ್ತದೆಯೇ "ಹೀರೇಕಾಯಿ ಸಿಪ್ಪೆ ಚಟ್ನಿ, ಎಳ್ಳು ಸ್ವಲ್ಪ ಜಾಸ್ತಿ ಹುರಿದಿದೆ" ಎಂದುಬಿಡುತ್ತಿದ್ದರು. ನಿವೃತ್ತರಾದ ಮೇಲೂ ಬಿಟಿಎಂ ಎರಡನೇ ಹಂತದ ಅವರ ರಸ್ತೆಯಲ್ಲಿ ಹೊಸ ತುಪ್ಪ ತಂದವರು ಮೊದಲು ಅವರ ಮುಂದೆ ಹಿಡಿಯುತ್ತಿದ್ದರು.

ಆ ಮೂಗು ಕೈಕೊಟ್ಟು ಎಂಟು ತಿಂಗಳಾಗಿತ್ತು. ವಾರವಿಡೀ ಕಾಡಿದ ಜ್ವರ ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಗಿತ್ತು. ಉಪ್ಪು, ಹುಳಿ, ಖಾರ ನಾಲಿಗೆಗೆ ತಿಳಿಯುತ್ತಿತ್ತು, ಅಷ್ಟೇ. ಕಾಫಿ ಎಂದರೆ ಬಿಸಿಯಾದ ಕಹಿನೀರು. "ಬರಬಹುದು, ಕಾಯಿರಿ" ಎಂದಿದ್ದರು ಡಾಕ್ಟರು. ಈ ಸಂಗತಿ ಗೊತ್ತಿದ್ದದ್ದು ಗಂಡ ಸೋಮನಾಥರಿಗೆ ಮಾತ್ರ. ಊರವರಿಂದ ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಜಯಶೀಲಾಗೆ ಬೇಕಿರಲಿಲ್ಲ.

ಹೀಗಿರುವಾಗ ಒಂದು ಸಂಜೆ, ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಗದಗಿನ ಹುಡುಗಿ ಶ್ವೇತಾ ಕೆಳಗಿಳಿದು ಬಂದಳು.

"ಆಂಟಿ, ನಮ್ಮ ಆಫೀಸಿನ ಪತ್ರಿಕೆಗೆ ಒಂದು ಲೇಖನ ಬರೀಬೇಕಾಗೇತ್ರಿ. ಈ ಕಡೆ ಭಾನುವಾರ ಬ್ರಂಚ್‌ಗೆ ಎಲ್ಲೆಲ್ಲಿ ಛಲೋ ಅಂತ."

"ಬ್ರಂಚಾ? ಹಂಗಂದ್ರೆ?"

"ತಡಾ ಮಾಡಿ ಏಳೂದು, ನಾಷ್ಟಾನೂ ಊಟಾನೂ ಕೂಡ್ಸಿ ಹನ್ನೊಂದಕ್ಕ ತಿನ್ನೂದು. ನಿಮ್ಮ ಮೂಗಿನ ಸುದ್ದಿ ಓಣಿ ತುಂಬ ಕೇಳೇನ್ರಿ. ನನ್ನ ಜೋಡಿ ಬರ್ರಿ."

ಸೋಮನಾಥರು ಪೇಪರಿನ ಮೇಲಿಂದ ಹೆಂಡತಿಯನ್ನು ನೋಡಿದರು. ಇಲ್ಲ ಎನ್ನಲು ಬಾಯಿ ತೆರೆದ ಜಯಶೀಲಾ, "ಸ್ಕೂಟರ್ ನಿಧಾನಕ್ಕೆ ಓಡ್ಸೋದಾದ್ರೆ ಬರ್ತೀನಿ ಕಣೇ" ಅಂದುಬಿಟ್ಟರು. ಹಾಗೇಕೆ ಅಂದೆ ಎಂದು ರಾತ್ರಿ ಅವರಿಗೇ ಅಚ್ಚರಿಯಾಯಿತು.

ಮೊದಲ ಭಾನುವಾರ ಜಯನಗರದ ಹಳೆಯ ದರ್ಶಿನಿ ಹೋಟೆಲು. ವಡೆ ಮುರಿದರೆ ಕಟುಕ್ ಎಂದು ಸದ್ದಾಯಿತು, ಒಳಗೆ ಹತ್ತಿಯಂತಿತ್ತು. ಅದನ್ನೇ ಹೇಳಿದರು. ಶ್ವೇತಾ ಫೋನಿನಲ್ಲಿ ಬರೆದುಕೊಂಡಳು. "ಕಾಫಿ ಹೆಂಗೈತ್ರಿ?" ಎಂದಾಗ ಮಾತ್ರ ಜಯಶೀಲಾ ಹಳೆಯ ನೆನಪಿಗೆ ಕೈಹಾಕಿ, "ಬಾಗಿಲಿಗೇ ಬಂದು ಕರೆಯೋ ಘಮ" ಅಂದರು. ಎರಡನೇ ವಾರ ಜೆ.ಪಿ. ನಗರದ ಕೆಫೆಯಲ್ಲಿ ಮರದ ಹಲಗೆಯ ಮೇಲೆ ಬೆಣ್ಣೆಹಣ್ಣು ಸವರಿದ ಬ್ರೆಡ್ಡು ಬಂತು. ಮೂರನೇ ವಾರ ಬನಶಂಕರಿಯಲ್ಲಿ ಖಾಲಿ ದೋಸೆ, ಅದರ ಜೊತೆ ಮತ್ತೊಂದು ಸುಳ್ಳು ಘಮ.

ಪ್ರಯೋಗ ಮಾಡದೆ ಫಲಿತಾಂಶ ಬರೆದ ಮಕ್ಕಳನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವರು ಅವರು. ಈಗ ತಾವೇ ಆ ಕೆಲಸ ಮಾಡುತ್ತಿದ್ದರು. ಆದರೂ ಭಾನುವಾರ ಬಂದರೆ ಒಂಬತ್ತಕ್ಕೇ ಸೀರೆ ಉಟ್ಟು ಕೂತಿರುತ್ತಿದ್ದರು.

ನಾಲ್ಕನೇ ವಾರ ಹೋದದ್ದು ಇಟ್ಟಮಡುವಿಗೆ. ಮುನಿಯಕ್ಕನ ಹೋಟೆಲೆಂದರೆ ಒಂದು ಶೆಟರಿನಷ್ಟಗಲದ ಕೋಣೆ, ದೊಡ್ಡ ಕಾವಲಿ, ಫುಟ್‌ಪಾತಿನಲ್ಲಿ ನಾಲ್ಕು ಸ್ಟೂಲು. ಜಯಶೀಲಾ ಕಾವಲಿಯ ಪಕ್ಕದಲ್ಲೇ ನಿಂತಿದ್ದರು. ಮುನಿಯಕ್ಕ ಗಿರಾಕಿಯೊಬ್ಬರ ಜೊತೆ ನೀರಿನ ಟ್ಯಾಂಕರಿನ ವಿಷಯಕ್ಕೆ ಜಗಳಕ್ಕೆ ನಿಂತಳು. ಅಷ್ಟರಲ್ಲಿ ಒಂದು ದೋಸೆ ಕರಕಲಾಯಿತು. ಆಕೆ ಅದನ್ನು ಕೆರೆದು ಬಕೆಟ್ಟಿಗೆ ಹಾಕಲು ಎತ್ತಿದಳು.

ಜಯಶೀಲಾ ತಟ್ಟನೆ ಕಾವಲಿಯತ್ತ ಬಗ್ಗಿದರು. ಮೂಗಿನ ಆಳದಲ್ಲೆಲ್ಲೋ ಏನೋ ಕುಟುಕಿತು. ಸೀದ ವಾಸನೆ!

"ಎಸೀಬೇಡಿ! ಅದನ್ನ ನನಗೆ ಕೊಡಿ!"

"ಅಯ್ಯೋ ಬುಡಿ ಮೇಡಂ, ಸೀದೋಗೈತೆ. ಬ್ಯಾರೆ ಹಾಕ್ಕೊಡ್ತೀನಿ."

"ಬೇಡ, ಅದೇ ಬೇಕು."

"ಇದನ್ನ ಕೊಟ್ರೆ ನನ್ ಹೋಟ್ಲು ಮರ್ವಾದೆ ಏನಾಗ್ಬೇಕು?"

ಜಯಶೀಲಾ ಅವಳ ಕೈಯಿಂದಲೇ ದೋಸೆಯನ್ನು ಕಸಿದುಕೊಂಡು ಮುಖಕ್ಕೆ ಹಿಡಿದರು. ಮೂಗಿನ ತುದಿ ಕಪ್ಪಾಯಿತು. ಕಣ್ಣಲ್ಲಿ ನೀರು ಕಂಡು ಶ್ವೇತಾ ಗಾಬರಿಯಾದಳು. ಆಗ ಎಲ್ಲವನ್ನೂ ಹೇಳಿಬಿಟ್ಟರು: ಜ್ವರ, ಎಂಟು ತಿಂಗಳು, ಕಹಿನೀರಿನಂಥ ಕಾಫಿ.

ಶ್ವೇತಾ ಸ್ಟೂಲೊಂದನ್ನು ಹತ್ತಿರಕ್ಕೆಳೆದು ಕೂತಳು. "ಹಂಗಾರ, ಮೂರು ವಾರ ನೀವು ಹೇಳಿದ್ದೆಲ್ಲಾ?"

"ಗರಿಗರಿ, ಮೆತ್ತಗೆ ಅಂದಿದ್ದೆಲ್ಲ ನಿಜ. ಘಮ ಅಂದಿದ್ದಷ್ಟೂ ಸುಳ್ಳು. ತಪ್ಪಾಯ್ತು ಕಣೇ."

"ಘಮಾ ಎಲ್ಲಾ ಹೊಡೆದು ಹಾಕಿದ್ರಾತು ಬಿಡ್ರಿ," ಎಂದು ಫೋನು ತೆಗೆದ ಶ್ವೇತಾಗೆ ಓದುತ್ತ ಓದುತ್ತ ನಗು ತಡೆಯಲಾಗಲಿಲ್ಲ. "ಆಂಟಿ, ಬೆಣ್ಣೆಹಣ್ಣಿಗೂ ಘಮಾ ಅಂದೀರಲ್ರೀ! ಅದಕ್ಕೆಲ್ಲೈತ್ರಿ ಘಮಾ?"

ಜಯಶೀಲಾಗೂ ನಗು ಬಂತು.

ಮುನಿಯಕ್ಕ ಅಷ್ಟಕ್ಕೆ ಬಿಡಲಿಲ್ಲ. ಒಲೆ ಸಣ್ಣ ಮಾಡಿ, ಡಬ್ಬಿಗಳನ್ನು ಒಂದೊಂದಾಗಿ ತಂದು ಟೀಚರ ಮೂಗಿಗೆ ಹಿಡಿದಳು. ಕಾಫಿಪುಡಿ? ಇಲ್ಲ. ಕೊತ್ತಂಬರಿ ಸೊಪ್ಪು? ಇಲ್ಲ. ಮೆಂತ್ಯ? ಊಹೂಂ. ಗಿರಾಕಿಗಳು ತಿನ್ನುವುದನ್ನು ಬಿಟ್ಟು ಸುತ್ತ ನಿಂತರು. ಕೊನೆಗೆ ಇಂಗಿನ ಡಬ್ಬಿ.

"ಅದು... ಅದು ಇಂಗು," ಅಂದರು ಜಯಶೀಲಾ. "ದೂರದಲ್ಲಿ, ಪಕ್ಕದ ಮನೇಲಿ ಒಗ್ಗರಣೆ ಹಾಕ್ದಂಗೆ."

"ಬಂತು ನೋಡಿ!" ಎಂದಳು ಮುನಿಯಕ್ಕ, ತಾನೇ ಔಷಧಿ ಕೊಟ್ಟವಳಂತೆ. ಆಮೇಲೆ ಒಳ್ಳೆಯ ದೋಸೆಯನ್ನೂ ಹಾಕಿಕೊಟ್ಟಳು. ಜಯಶೀಲಾ ಎರಡು ತಿಂದರು.

ಲೇಖನ ಒಂದು ತಿಂಗಳು ತಡವಾಗಿ ಬಂತು. ವಡೆ ಮುರಿದ ಸದ್ದು, ಚಟ್ನಿಯ ತಂಪು, ಬೆರಳಿಗೆ ತಗಲುವ ದೋಸೆಯ ಬಿಸಿ ಎಲ್ಲವೂ ಅದರಲ್ಲಿತ್ತು. ಘಮ ಎಂಬ ಪದ ಒಂದು ಕಡೆಯೂ ಇರಲಿಲ್ಲ. ಆಫೀಸಿನವರು ಅದನ್ನೇ ಮೆಚ್ಚಿದರಂತೆ.

ಲೇಖನ ಮುಗಿದರೂ ಭಾನುವಾರದ ತಿರುಗಾಟ ನಿಲ್ಲಲಿಲ್ಲ. ಈಗ ಸೋಮನಾಥರೂ ಆಟೋದಲ್ಲಿ ಹಿಂದೆ ಬರುತ್ತಾರೆ. ಮೊನ್ನೆ ಸುಬ್ರಹ್ಮಣ್ಯಪುರದ ಹೋಟೆಲಿನಲ್ಲಿ ಜಯಶೀಲಾಗೆ ಕಾಫಿ ಒದ್ದೆ ಗೋಣಿಚೀಲದ ವಾಸನೆ ಹೊಡೆಯಿತು. ಮರಳಿ ಬರುವಾಗ ವಾಸನೆಗಳು ಹೀಗೆ ಅದಲುಬದಲಾಗುವುದುಂಟು ಎಂದು ಡಾಕ್ಟರು ಹೇಳಿದ್ದರು. ಕಹಿನೀರಿಗಿಂತ ಗೋಣಿಚೀಲವೇ ವಾಸಿ ಅನ್ನಿಸಿ, ಇನ್ನರ್ಧ ಲೋಟ ತರಿಸಿಕೊಂಡು ಕುಡಿದರು.