ಚಮಚ ಕೇಳಿದ ಹುಡುಗಿ

ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನಲ್ಲಿದ್ದ ಡಾಕ್ಟರ್ ಗೋಪಾಲನಿಗೆ ಹೇಳಿ ಅಭ್ಯಾಸ, ಕೇಳಿ ಅಲ್ಲ. ಅದಕ್ಕೇ ಆ ಭಾನುವಾರ ಹೆಲ್ವೆಲ್ಲಿನ್ ಬೆಟ್ಟದಲ್ಲಿ ಸುಚೇತಾ ಗಕ್ಕನೆ ನಿಂತಾಗ ಅವನಿಗೆ ನಗು ಬಂತು. ಅವನ ಕ್ಲಿನಿಕ್ಕಿನಲ್ಲೇ ತರಬೇತಿಗಿದ್ದ ಹುಡುಗಿ, ಚಳಿಗಾಲವೆಲ್ಲ ಬೆಟ್ಟ ಹತ್ತಿ ಪಳಗಿದವಳು.

"ವಾಪಸ್ ಹೋಗೋಣ ಸರ್. ಬಿಸಿಲಿಗೆ ಹಿಮ ಒದ್ದೆಯಾಗಿದೆ. ಮೇಲಿಂದ ಉಂಡೆ ಉಂಡೆ ಉರುಳ್ತಿದೆ ನೋಡಿ, ಜಾರೋ ಲಕ್ಷಣ ಇದು."

"ಮಾರ್ಚ್ ಬಿಸಿಲಿಗೆ ಹೆದರೋದಾ? ಬಳ್ಳಾರಿಯವನಮ್ಮಾ ನಾನು," ಎಂದವನೇ ಗೋಪಾಲ ಇಳಿಜಾರಿಗೆ ಅಡ್ಡವಾಗಿ ನಡೆದೇಬಿಟ್ಟ.

ನಡುವೆ ತಲುಪುವಷ್ಟರಲ್ಲಿ ಕಾಲಡಿಯ ಹಿಮವೇ ಜಾರಿ ಹೊರಟಿತು. ಅದರ ಜೊತೆ ಕೆಳಗೆ ಹೋಗಿ ನಿಂತಾಗ ಗೋಪಾಲ ಎದೆಯವರೆಗೂ ಹೂತುಹೋಗಿದ್ದ. ಒದ್ದೆ ಹಿಮ ನಿಂತ ಕೂಡಲೇ ಗಾರೆಯಂತೆ ಬಿಗಿಯುತ್ತದೆ, ಉಸಿರೆಳೆಯಲು ಜಾಗವಿರಲಿಲ್ಲ. ಸುಚೇತಾ ಓಡಿಬಂದು ಬರಿಗೈಯಲ್ಲಿ ಅಗೆದಳು. ಅವನನ್ನು ಹೊರಗೆಳೆಯುವ ಹೊತ್ತಿಗೆ ಅವಳ ಬೆರಳುಗಳಿಂದ ರಕ್ತ ಸುರಿಯುತ್ತಿತ್ತು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಹೆಂಡತಿ ರಾಜೇಶ್ವರಿ, ಈ ವಯಸ್ಸಿನಲ್ಲಿ ಬುದ್ಧಿ ಬೇಡವೇ ಎಂದು ಚೆನ್ನಾಗಿ ಉಗಿದಳು. ಆಗ ಪುಣ್ಯಾತ್ಮನ ಬಾಯಿಂದ ಬಂದದ್ದೇನು ಗೊತ್ತೇ?

"ಮುಂದೆ ಹೋಗೋಣ ಅಂತ ಆ ಹುಡುಗಿ ಹಠ ಮಾಡಿದ್ಲು ಕಣೇ."

ಅದೇ ವಾರ ಯುಗಾದಿ. ಮೊದಲೇ ಕರೆದಿದ್ದರಿಂದ ಸುಚೇತಾ ಊಟಕ್ಕೆ ಬಂದಳು. ರಾಜೇಶ್ವರಿ ನೆಂಟರಿಷ್ಟರ ಎದುರೇ ಶುರುಮಾಡಿದಳು. "ಏನಮ್ಮಾ, ನಿನ್ನ ಹಠಕ್ಕೆ ನಮ್ಮನೆಯವರ ಜೀವವೇ ಹೋಗ್ತಿತ್ತಲ್ಲ?"

ಸುಚೇತಾ ಗೋಪಾಲನ ಮುಖ ನೋಡಿದಳು. ಗೋಪಾಲ ಕೋಸಂಬರಿ ನೋಡಿದ.

"ಸಾರಿ ಆಂಟಿ," ಎಂದಳು.

ಗೋಪಾಲನ ಕಿವಿ ಬಿಸಿಯಾಯಿತು. ನಾಚಿಕೆಯಾಯಿತು, ಸುಳ್ಳಲ್ಲ. ಆದರೆ ಇಷ್ಟು ಜನರೆದುರು ತನ್ನ ಮರ್ಯಾದೆ ಏನಾದೀತು ಎಂಬ ಭಯ ನಾಚಿಕೆಗಿಂತ ದೊಡ್ಡದಿತ್ತು. ಇನ್ನಷ್ಟು ಕೋಸಂಬರಿ ಹಾಕಿಸಿಕೊಂಡ.

ಅನ್ನ ಬಡಿಸಿದಾಗ ಸುಚೇತಾ ಮೆಲ್ಲಗೆ ಒಂದು ಚಮಚ ಕೇಳಿದಳು.

"ಹಬ್ಬದ ದಿನವೂ ಚಮಚಾನಾ? ಅಷ್ಟು ಬೇಗ ದೊರೆಸಾನಿ ಆಗ್ಬಿಟ್ಯಾ?" ಎಂದು ರಾಜೇಶ್ವರಿ ಚುಚ್ಚಿದಳು. ಯಾರೋ ನಕ್ಕರು. ಸುಚೇತಾ ಬಲಗೈಯನ್ನು ಮೇಜಿನ ಕೆಳಗೆ ಇನ್ನಷ್ಟು ಎಳೆದುಕೊಂಡಳು.

ಗೋಪಾಲ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದ.

"ಅವಳ ಬೆರಳಿಗೆಲ್ಲ ಬ್ಯಾಂಡೇಜ್ ಇದೆ," ಎಂದ. "ನನ್ನನ್ನ ಅಗೆದು ತೆಗೆದ ಕೈ ಅದು. ವಾಪಸ್ ಹೋಗೋಣ ಅಂತ ಅವಳು ಬೇಡ್ಕೊಂಡ್ಲು, ಕೇಳದೆ ಹೋದವನು ನಾನು. ನಿಂಗೆ ಸುಳ್ಳು ಹೇಳ್ದೆ."

ರಾಜೇಶ್ವರಿ ಸುಚೇತಾಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು, ಅನ್ನಕ್ಕೆ ಸಾರು ಕಲಸಿ, ತುತ್ತು ಮಾಡಿ ಅವಳ ಬಾಯಿಗಿಟ್ಟಳು.

ಆಮೇಲೆ ಎಲ್ಲರ ತಟ್ಟೆಗೂ ಹೋಳಿಗೆ ಬಿತ್ತು. ಗೋಪಾಲನ ತಟ್ಟೆಯನ್ನು ಮಾತ್ರ ದಾಟಿಕೊಂಡು ಹೋಯಿತು. ಅವನು ಕೇಳಲೂ ಇಲ್ಲ.