ಗಂಡಸರೆಲ್ಲ ಕೇಳ್ರಿ

"ಊರಾಗಿನ ಗಂಡಸರೆಲ್ಲ ಕೇಳ್ರಿ! ಡ್ಯಾಮಿನ ನೀರು ಬಿಟ್ಟಾರ, ಹೊಳಿ ದಂಡಿ ಹೊಲ ಬಿಟ್ಟು ಲಗೂ ಮ್ಯಾಲ ಬರ್ರಿ!"

ಆಟೋದಲ್ಲಿ ಕೂತು ಮೈಕಿನಲ್ಲಿ ಕೂಗುತ್ತ ಪರಶಪ್ಪ ಕೊಣ್ಣೂರಿನ ಓಣಿಗಳನ್ನೆಲ್ಲ ಸುತ್ತಿದ. ಪಂಚಾಯ್ತಿಯ ಡಂಗುರ ಅವನದು. ಗಂಡಸರನ್ನು ಕರೆದರೆ ಸಾಕು, ಮಾತು ಮನೆ ಮುಟ್ಟುತ್ತದೆ ಎಂಬುದು ಅವನಪ್ಪನ ಕಾಲದಿಂದ ಬಂದ ರೂಢಿ. "ಹೆಣ್ಮಕ್ಕಳಿಗೆ ಹೇಳಬ್ಯಾಡ, ಅಂಜಿ ಚೀರಾಡ್ತಾರ," ಎಂದು ಮೆಂಬರ್ ಶಶಿಕಾಂತ ಬೇರೆ ತಾಕೀತು ಮಾಡಿದ್ದ. ಚೀರಾಡಿದವರು ಗಂಡಸರೇ. ಚಹಾದಂಗಡಿಯ ಮುಂದೆ ಪಂಪ್‌ಸೆಟ್ಟು, ಎಮ್ಮೆ ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಅವರ ನಡುವೆ ಫಕೀರೇಶ ಕಂಡ.

"ನಿನ್ನ ಹೊಲದಾಗ ಕಸಾ ತಗಿಯಾಕ ಹೋದ ಹೆಣ್ಮಕ್ಕಳು ಬಂದ್ರೇನೋ?"

"ಮೈಕಿನ್ಯಾಗ ಕೇಳಿರಬೇಕಲ್ಲ, ಮಾವಾ."

ಪರಶಪ್ಪ ಆಟೋವನ್ನು ಹೊಳೆಯ ಕಡೆ ತಿರುಗಿಸಿದ. ಅವನ ಹೆಂಡತಿ ಗಾಳೆವ್ವನೂ ಅವರ ಜೊತೆಗೇ ಹೋಗಿದ್ದಳು.

ಒಡ್ಡಿನ ಮೇಲೆ ಆಟೋ ನಿಂತಾಗ ಕೆಂಪು ನೀರು ಫಕೀರೇಶನ ಗೋವಿನಜೋಳದ ಹೊಲದ ಆಚೆ ಬದುವನ್ನು ಆಗಲೇ ನುಂಗಿತ್ತು. ಆಳೆತ್ತರದ ಬೆಳೆಯೊಳಗೆ ಯಾರೂ ಕಾಣಲಿಲ್ಲ, ನಗು ಮಾತ್ರ ಕೇಳುತ್ತಿತ್ತು. "ಕೇಳ್ರಪೋ, ಕೇಳ್ರಿ!" ಗಾಬರಿಯಲ್ಲೂ ಬಾಯಿಗೆ ಬಂದದ್ದು ಗಂಡಸರನ್ನು ಕರೆಯುವ ಅದೇ ಹಳೆಯ ಮಾತು. ನಗು ನಿಲ್ಲಲಿಲ್ಲ. ಮದುವೆಯಾದಾಗಿನಿಂದ 'ಇಕಿ' ಎಂದಷ್ಟೇ ಕರೆದವನು ನಾಚಿಕೆ ಬಿಟ್ಟು ಒದರಿದ, "ಗಾಳೆವ್ವಾ!"

ಗಾಳೆವ್ವ ಒಬ್ಬಳೇ ಓಡಿ ಬಂದಳು. "ಯಾಕ್ರಿ, ಮನ್ಯಾಗ ಏನರ ಆತೇನ್ರಿ?"

"ಹೊಳಿ ಬಂತು! ಆಗಿಂದ ಬಡಕೊಳ್ಳಾಕತ್ತೇನಿ, ಕೇಳಲಿಲ್ಲೇನು?"

"ಕೇಳಿತ್ರಿ. ಗಂಡಸರನ್ನ ಕರ್ಯಾಕತ್ತಿದ್ರಿ. ನಿಮ್ಮ ಮೀಟಿಂಗು ಇರಬೇಕಂತ ಮುಂದಿನದು ಕೇಳೋದು ಬಿಟ್ವಿ." ನೀರು ನೋಡಿ ಆಕೆ ಬಿಳಿಚಿಕೊಂಡಳು. "ಅವರನ್ನೂ ಕರೀರಿ!"

"ಹೊನ್ನವ್ವಾ! ರೇಣುಕವ್ವಾ!" ಇಬ್ಬರೂ ಬಂದರು. ಇನ್ನೊಬ್ಬಳಿದ್ದಳು, ಫಕೀರೇಶನ ಹೊಸ ಹೆಂಡತಿ. ಅವಳ ಹೆಸರು ಪರಶಪ್ಪನಿಗೆ ಗೊತ್ತಿರಲಿಲ್ಲ; ಕೇಳಬೇಕೆಂದು ಎಂದೂ ಅನಿಸಿರಲಿಲ್ಲ.

ಗಾಳೆವ್ವ ಅವನ ಕೈಯಿಂದ ಮೈಕು ಕಿತ್ತುಕೊಂಡಳು. "ಮಾಲಾ! ಏ ಮಾಲಾ! ಎಲ್ಲಾ ಬಿಟ್ಟು ಓಡಿ ಬಾರವ್ವಾ!"

ನೀರು ಜೋಳದ ಸಾಲುಗಳೊಳಗೆ ಹರಿಯುತ್ತಿತ್ತು. ಆಕೆ ಮತ್ತೆ ಕರೆದಳು. ಆಮೇಲೆ ತೀರ ಆಚೆಯಿಂದ, ಸಣ್ಣಗೆ, "ಯಕ್ಕಾ... ನೀರು!"

ಪರಶಪ್ಪ ಚಪ್ಪಲಿ ಬಿಟ್ಟು ಒಡ್ಡಿನಿಂದ ಜಿಗಿದ. ಮೊಣಕಾಲುದ್ದ ರಾಡಿಯಲ್ಲಿ ಗರಿಗಳನ್ನು ಸರಿಸುತ್ತ, "ಮಾಲಾ, ಮಾಲಾ," ಎನ್ನುತ್ತ ಆ ದನಿಯ ಕಡೆ ನಡೆದ. ಅವನ ಹಿಂದೆ ಮೈಕಿನಲ್ಲಿ ಗಾಳೆವ್ವ ಇನ್ನೂ ಕರೆಯುತ್ತಲೇ ಇದ್ದಳು.